ಹಾಯಿದೋಣಿಯ ತಳದಲ್ಲೊಂದು ಗಿಲೀಟು ಅಂಗಡಿ

2025ರ ಮೇ ತಿಂಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ಹಾಯಿದೋಣಿಗಳದ್ದೇ ಸುದ್ದಿ. 21ರಂದು ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆ ಸೇರಿತು. ಅದು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ವಾರ ಕಳೆದು 29ಕ್ಕೆ, ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಮತ್ತು ರೂಪಾ ಇಬ್ಬರೇ ತಾರಿಣಿ ದೋಣಿಯಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಗೋವಾಕ್ಕೆ ಮರಳಿದರು. ಅವರು ಹೊರಟು ಸುಮಾರು ಎಂಟು ತಿಂಗಳಾಗಿತ್ತು.

ಅಷ್ಟು ತಿಂಗಳು ಉಪ್ಪುನೀರಿನಲ್ಲಿ ನೆನೆಯುವ ದೋಣಿಗೆ ಏನೇನಾಗಬಹುದು ಎಂದು ಕೇಳಿದರೆ ಬಿರುಗಾಳಿ, ದೊಡ್ಡ ಅಲೆ ಎನ್ನುತ್ತೇವೆ. ಸರಿಯೇ. ಆದರೆ ಸದ್ದಿಲ್ಲದೆ ಬರುವ ಇನ್ನೊಂದು ಅಪಾಯ ಇದೆ. ದೋಣಿ ದಡದಲ್ಲಿ ಸುಮ್ನೆ ಕಟ್ಟಿ ನಿಂತಿದ್ದಾಗಲೂ ಅದು ತನ್ನ ಕೆಲಸ ಮಾಡುತ್ತಿರುತ್ತದೆ. ಇಂಜಿನ್ನಿನ ವೈರಿಂಗ್‌ನಿಂದ ಸೋರಿದ ಕರೆಂಟು ದೋಣಿಯ ಲೋಹವನ್ನು ಕರಗಿಸಿ ಸಮುದ್ರಕ್ಕೆ ಸೇರಿಸುತ್ತದೆ. ಬೋಟಿನವರು ಇದಕ್ಕೆ 'ಎಲೆಕ್ಟ್ರೊಲಿಸಿಸ್' ಎನ್ನುತ್ತಾರೆ. ಅದು ಏನು, ಯಾಕೆ ಆಗುತ್ತದೆ, ತಡೆಯೋದು ಹೇಗೆ, ನೋಡೋಣ.

ಹಾಯಿ ಇರುವಾಗ ಇಂಜಿನ್ ಯಾಕೆ?

ಬಂದರಿನ ಇಕ್ಕಟ್ಟಿನಲ್ಲಿ ಹಾಯಿ ಬಿಚ್ಚಿ ತಿರುಗಿಸೋದು ಕಷ್ಟ. ಗಾಳಿ ಬಿದ್ದರೆ ದೋಣಿ ಇದ್ದಲ್ಲೇ ನಿಲ್ಲುತ್ತದೆ. ದೀಪ, ರೇಡಿಯೊ, ಪಂಪು ಎಲ್ಲದಕ್ಕೂ ಬ್ಯಾಟರಿ ಬೇಕು, ಆ ಬ್ಯಾಟರಿ ಚಾರ್ಜ್ ಆಗಬೇಕು. ಹಾಗಾಗಿ 30–40 ಅಡಿಯ ಹೆಚ್ಚಿನ ಹಾಯಿದೋಣಿಗಳ ಒಳಗೊಂದು ಚಿಕ್ಕ ಡೀಸೆಲ್ ಇಂಜಿನ್ ಇರುತ್ತದೆ. ಸಾಮಾನ್ಯವಾಗಿ 20ರಿಂದ 50 ಅಶ್ವಶಕ್ತಿಯದು.

ಅದರ ವಿದ್ಯುತ್ ಭಾಗಗಳು ನಮಗೆ ಗೊತ್ತಿರುವಂಥವೇ. 12 ವೋಲ್ಟಿನ ಬ್ಯಾಟರಿ, ಇಂಜಿನ್ ಎಬ್ಬಿಸಲು ಸೆಲ್ಫ್ ಮೋಟರ್, ಚಾರ್ಜ್ ಮಾಡಲು ಆಲ್ಟರ್ನೇಟರ್ (ನಮ್ಮ ಗ್ಯಾರೇಜುಗಳಲ್ಲಿ ಈಗಲೂ ಡೈನಮೊ), ಆಯಿಲ್ ಒತ್ತಡ ಮತ್ತು ಬಿಸಿ ತೋರಿಸುವ ಸೆನ್ಸರುಗಳು. ಕಾರಿನಲ್ಲೂ ಇವೇ ಇವೆ.

ಕಾರಿಗೂ ದೋಣಿಗೂ ವ್ಯತ್ಯಾಸ ಒಂದೇ. ದೋಣಿಯ ಇಂಜಿನ್ನಿನಿಂದ ಒಂದು ಉಕ್ಕಿನ ಶಾಫ್ಟ್ ತಳದ ಮೂಲಕ ಹೊರಗೆ ಹೋಗುತ್ತದೆ. ಅದರ ತುದಿಯಲ್ಲಿ ಕಂಚಿನ ಪ್ರೊಪೆಲ್ಲರ್ ಇದೆ, ನಮ್ಮ ಕರಾವಳಿಯ ಬೋಟಿನವರ ಮಾತಿನಲ್ಲಿ 'ಫ್ಯಾನ್'. ಅಂದರೆ ಇಂಜಿನ್ ಒಳಗೆ ಒಣಗಿ ಕುಳಿತಿದ್ದರೂ ಅದರ ಒಂದು ಕೈ ಸದಾ ಸಮುದ್ರದಲ್ಲೇ ಇದೆ. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ. ಮುಂದಿನ ತಲೆನೋವೆಲ್ಲ ಇದರಿಂದಲೇ.

ಉಪ್ಪುನೀರಿನಲ್ಲಿ ಎರಡು ಲೋಹ

ಮೊದಲು ಬ್ಯಾಟರಿಯೇ ಇಲ್ಲದೆ ನಡೆಯುವ ಸವೆತ.

ಹಲ್ಲಿಗೆ ಹಳೆಯ ಕಾಲದ ಬೆಳ್ಳಿ ಬಣ್ಣದ ಸಿಮೆಂಟು ತುಂಬಿಸಿಕೊಂಡವರು ಚಾಕೊಲೇಟಿನ ಅಲ್ಯೂಮಿನಿಯಂ ಹಾಳೆಯನ್ನು ಗೊತ್ತಿಲ್ಲದೆ ಕಚ್ಚಿದರೆ ಜುಂ ಎನ್ನುತ್ತದೆ, ಅಲ್ವಾ? ಎರಡು ಬೇರೆ ಲೋಹ, ನಡುವೆ ಉಪ್ಪಿನಂಶದ ಎಂಜಲು. ಬಾಯಲ್ಲೇ ಒಂದು ಬ್ಯಾಟರಿ ಆಯಿತು. ಲೋಹ-ಲೋಹ ಮುಟ್ಟಿಕೊಂಡಿದ್ದು, ಎರಡೂ ಉಪ್ಪುನೀರಿನಲ್ಲಿ ನೆನೆದಿದ್ದರೆ ಕರೆಂಟು ತಾನಾಗಿ ಹರಿಯುತ್ತದೆ. ಎರಡರಲ್ಲಿ ಒಂದು ಲೋಹ ಮಾತ್ರ ಅದರ ಬೆಲೆ ತೆರುತ್ತದೆ, ಕರಗುತ್ತದೆ. ಇನ್ನೊಂದಕ್ಕೆ ಏನೂ ಆಗುವುದಿಲ್ಲ.

ಯಾವುದು ಕರಗುತ್ತದೆ? ಇದಕ್ಕೊಂದು ಸಾಲು ಇದೆ. ಎಲ್ಲಕ್ಕಿಂತ ಬೇಗ ಕರಗುವುದು ಮೆಗ್ನೀಸಿಯಂ. ಆಮೇಲೆ ಸತು, ಅಲ್ಯೂಮಿನಿಯಂ, ಕಬ್ಬಿಣ, ಹಿತ್ತಾಳೆ, ಕಂಚು. ಕೊನೆಗೆ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್. ಈ ಸಾಲಿನಲ್ಲಿ ಎರಡು ಲೋಹ ದೂರ ದೂರ ಇದ್ದಷ್ಟೂ ಜೋರು. ಸತುವಿಗೂ ಕಂಚಿಗೂ ನಡುವೆ ಸುಮಾರು 0.7 ವೋಲ್ಟ್ ಅಂತರ. ಇದೇ ಗ್ಯಾಲ್ವಾನಿಕ್ ಸವೆತ.

ಇದು ಮೊದಲು ದೊಡ್ಡದಾಗಿ ಕಣ್ಣಿಗೆ ಬಿದ್ದದ್ದೂ ಒಂದು ಹಡಗಿನಲ್ಲೇ. 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿತು. ಮರ ಕೊರೆಯುವ ಹುಳದ ಕಾಟ ತಪ್ಪಲಿ ಎಂದು. ಎರಡು ವರ್ಷ ಬಿಟ್ಟು ನೋಡಿದರೆ ಎಷ್ಟೋ ಕಡೆ ತಗಡು ಬಿಚ್ಚಿಕೊಂಡಿತ್ತು. ತಾಮ್ರ ಚೆನ್ನಾಗಿಯೇ ಇತ್ತು, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳೇ ಕರಗಿಹೋಗಿದ್ದವು. ಕೆಲವು ಮೊಳೆ ಮಾತ್ರ ಗಟ್ಟಿಯಾಗಿದ್ದವು. ಯಾಕೆ ಎಂದು ನೋಡಿದಾಗ ತಗಡು ಸುತ್ತಿ ಬಂದಿದ್ದ ಕಂದು ಕಾಗದ ಸಿಕ್ಕಿತು. ಅದನ್ನು ಪೂರ್ತಿ ಕಿತ್ತಿರಲಿಲ್ಲ. ಕಾಗದ ಉಳಿದ ಕಡೆ ಕಬ್ಬಿಣಕ್ಕೆ ತಾಮ್ರ ತಾಗಿರಲಿಲ್ಲ, ಮೊಳೆ ಬದುಕಿತ್ತು. ಯಾರದೋ ಸೋಮಾರಿತನದಿಂದ ಸಿಕ್ಕ ಪಾಠ ಅದು. (ನಮ್ಮ ಕೌಂಡಿನ್ಯಕ್ಕೆ ಈ ಚಿಂತೆ ಇಲ್ಲ. ಹಲಗೆ ಹೊಲಿದ ಹಡಗಿನಲ್ಲಿ ಕರಗಲು ಮೊಳೆಯೇ ಇಲ್ಲ!)

1824ರಲ್ಲಿ ಬ್ರಿಟಿಷ್ ವಿಜ್ಞಾನಿ ಹಂಫ್ರಿ ಡೇವಿ ಇದಕ್ಕೆ ಪರಿಹಾರ ಹೇಳಿದ. ಉಳಿಸಬೇಕಾದ ಲೋಹಕ್ಕೆ ಅದಕ್ಕಿಂತ ಬೇಗ ಕರಗುವ ಲೋಹದ ಗಟ್ಟಿ ಕಟ್ಟಿ, ಅದು ಕರಗಲಿ, ಇದು ಉಳಿಯಲಿ ಎಂದ. ಹೀಗೆ ಕಟ್ಟುವ ಗಟ್ಟಿಗೆ ಈಗ ಆನೋಡ್ ಎನ್ನುತ್ತಾರೆ. ಬೋಟಿನವರ ಬಾಯಲ್ಲಿ ಅದು ಬರೀ 'ಜಿಂಕ್'. ನಿಮ್ಮ ಬಚ್ಚಲಿನ ಸ್ಟೋರೇಜ್ ಗೀಸರಿನಲ್ಲೂ ಇಂಥದ್ದೇ ಒಂದು ಮೆಗ್ನೀಸಿಯಂ ಸರಳು ಇರುತ್ತದೆ. ಗಡಸು ನೀರಿನ ಊರುಗಳಲ್ಲಿ ಸರ್ವಿಸಿನವರು ಬಂದು ತೆಗೆದು ತೋರಿಸುವ, ಸವೆದು ಕಡ್ಡಿಯಂತಾದ ಆ ಸರಳೇ ಟ್ಯಾಂಕನ್ನು ಕಾಯುತ್ತಿರುವುದು.

ಗಿಲೀಟು ಅಂಗಡಿಯ ಲೆಕ್ಕ

ಈಗ ಎರಡನೆಯ ಸವೆತ. ಇದಕ್ಕೆ ಹೊರಗಿನಿಂದ ಕರೆಂಟು ಬೇಕು.

ಹಿತ್ತಾಳೆ ಚೊಂಬಿಗೆ ಬೆಳ್ಳಿ ಗಿಲೀಟು ಹಾಕುವುದನ್ನು ನೆನೆಸಿಕೊಳ್ಳಿ. ಬೆಳ್ಳಿಯ ತುಂಡನ್ನು ಪ್ಲಸ್ಸಿಗೆ, ಚೊಂಬನ್ನು ಮೈನಸ್ಸಿಗೆ ಕಟ್ಟಿ ಎರಡನ್ನೂ ದ್ರಾವಣದಲ್ಲಿ ಮುಳುಗಿಸುತ್ತಾರೆ. ಕರೆಂಟು ಹಾಯಿಸಿದರೆ ಪ್ಲಸ್ಸಿನ ಬೆಳ್ಳಿ ಕರಗಿ ಚೊಂಬಿನ ಮೇಲೆ ಕೂರುತ್ತದೆ. ಇದು ಬೇಕೆಂದೇ ಮಾಡುವ ಎಲೆಕ್ಟ್ರೊಲಿಸಿಸ್. ದೋಣಿಯಲ್ಲಿ ಯಾರಿಗೂ ಬೇಡದಿದ್ದರೂ ಅದೇ ನಡೆಯುತ್ತದೆ. ಬ್ಯಾಟರಿ ಇದೆ, ಲೋಹಗಳಿವೆ, ದ್ರಾವಣವಾಗಿ ಇಡೀ ಸಮುದ್ರವೇ ಇದೆ. ಸಮುದ್ರದ ನೀರು ನಲ್ಲಿ ನೀರಿಗಿಂತ ಸುಮಾರು ನೂರು ಪಟ್ಟು ಸಲೀಸಾಗಿ ಕರೆಂಟು ಹರಿಸುತ್ತದೆ.

ನಿಯಮ ಸರಳ. ಕರೆಂಟು ಯಾವ ಲೋಹದಿಂದ ನೀರಿಗೆ ಇಳಿಯುತ್ತದೋ ಆ ಲೋಹ ಕರಗುತ್ತದೆ. ನೀರಿನಿಂದ ಯಾವ ಲೋಹಕ್ಕೆ ಹತ್ತುತ್ತದೋ ಅದು ಉಳಿಯುತ್ತದೆ. ಹೊಳೆಯಲ್ಲಿ ಇಳಿಯುವ ಕಡೆಯ ದಡ ಕುಸಿಯುತ್ತದೆ, ಹತ್ತುವ ಕಡೆಯ ದಡಕ್ಕೆ ಏನೂ ಆಗುವುದಿಲ್ಲ ಎಂದುಕೊಳ್ಳಿ.

ಎಷ್ಟು ಕರಗುತ್ತದೆ ಎಂಬ ಲೆಕ್ಕವನ್ನು ಡೇವಿಯ ಸಹಾಯಕನಾಗಿದ್ದ ಮೈಕೆಲ್ ಫ್ಯಾರಡೆ 1830ರ ದಶಕದಲ್ಲಿ ಕೊಟ್ಟ. ಎಷ್ಟು ಕರೆಂಟೋ ಅಷ್ಟು ಲೋಹ, ಚೌಕಾಸಿ ಇಲ್ಲ. ಒಂದು ಆಂಪಿಯರ್ ಕರೆಂಟು ಹಗಲೂ ರಾತ್ರಿ ಸೋರಿದರೆ ದಿನಕ್ಕೆ ಸುಮಾರು 28 ಗ್ರಾಂ ತಾಮ್ರ ಅಥವಾ 25 ಗ್ರಾಂ ಕಬ್ಬಿಣ ಕರಗಬಹುದು. ವರ್ಷಕ್ಕೆ 9 ಕೆಜಿ ಕಬ್ಬಿಣ.

ನೀರು ಒಳಗೆ-ಹೊರಗೆ ಹೋಗಲು ದೋಣಿಯ ತಳದಲ್ಲಿ ಕೂರಿಸುವ ಕಂಚಿನ ತೂಬೊಂದು ಅರ್ಧ ಕೆಜಿ ಇದೆ ಎನ್ನೋಣ. ಕಂಚಿನಲ್ಲಿ ಜಾಸ್ತಿ ಪಾಲು ತಾಮ್ರವೇ. ಈ ಲೆಕ್ಕದಲ್ಲಿ ಹದಿನೆಂಟು ದಿನಕ್ಕೆ ತೂಬೇ ಮಾಯ. ಪೂರ್ತಿ ಮಾಯವಾಗುವ ತನಕ ಕಾಯಬೇಕಾಗಿಲ್ಲ, ಒಂದು ತೂತು ಬಿದ್ದರೂ ದೋಣಿ ಮುಳುಗುತ್ತದೆ.

ಗ್ಯಾಲ್ವಾನಿಕ್ ಸವೆತವನ್ನು ತಳ್ಳುವುದು ಒಂದು ವೋಲ್ಟಿನ ಒಳಗಿನ ಶಕ್ತಿ. ಅದು ತಿಂಗಳು, ವರ್ಷಗಳ ಮಾತು. ಸೋರಿದ ಕರೆಂಟಿನ ಹಿಂದೆ 12 ವೋಲ್ಟ್ ಇದೆ. ಅದು ದಿನ, ವಾರಗಳ ಮಾತು. ಜನ ಎರಡಕ್ಕೂ ಎಲೆಕ್ಟ್ರೊಲಿಸಿಸ್ ಅಂತಲೇ ಹೇಳುವುದರಿಂದ ಗೊಂದಲವಾಗುತ್ತದೆ. ಮೊದಲನೆಯದನ್ನು ಸತು ತಡೆಯುತ್ತದೆ. ಎರಡನೆಯದರ ಮುಂದೆ ಸತುವಿನ ಆಟ ಜಾಸ್ತಿ ದಿನ ನಡೆಯದು. ಅದನ್ನು ವೈರಿಂಗ್‌ನಲ್ಲೇ ತಡೆಯಬೇಕು.

'ಬಾಡಿ ಅರ್ಥ್' ಮತ್ತು ಸಮುದ್ರ

ಬೈಕು, ಆಟೊ, ಕಾರುಗಳಲ್ಲಿ ದೀಪಕ್ಕೆ ಹೋಗುವುದು ಹೆಚ್ಚಾಗಿ ಒಂದೇ ವೈರು, ಪ್ಲಸ್. ವಾಪಸ್ ಬರಲು ಗಾಡಿಯ ಮೈಯೇ ದಾರಿ. ಗ್ಯಾರೇಜಿನವರು ಇದಕ್ಕೆ ಬಾಡಿ ಅರ್ಥ್ ಎನ್ನುತ್ತಾರೆ. ವೈರು ಉಳಿಯುತ್ತದೆ, ಕೆಲಸ ಸಲೀಸು. ಗಾಡಿ ರಸ್ತೆಯ ಮೇಲೆ ರಬ್ಬರಿನ ಟೈರಿನಲ್ಲಿ ನಿಂತಿರುವುದರಿಂದ ತೊಂದರೆಯಿಲ್ಲ.

ದೋಣಿಯ ಇಂಜಿನ್ನುಗಳಲ್ಲಿ ಎಷ್ಟೋ ಮೂಲತಃ ಟ್ರ್ಯಾಕ್ಟರು, ಕಾರ್ಖಾನೆಯ ಯಂತ್ರಗಳಿಗೆ ಮಾಡಿದವು. ಅವುಗಳ ಸೆಲ್ಫ್, ಆಲ್ಟರ್ನೇಟರ್, ಸೆನ್ಸರುಗಳೆಲ್ಲ ಮೈನಸ್ಸನ್ನು ಇಂಜಿನ್ ಬ್ಲಾಕಿಗೇ ಒಪ್ಪಿಸುತ್ತವೆ. ಬ್ಯಾಟರಿಯ ಮೈನಸ್ ಕೇಬಲ್ಲನ್ನೂ ಬ್ಲಾಕಿಗೇ ಬಿಗಿಯುತ್ತಾರೆ. ಬ್ಲಾಕಿಗೆ ಶಾಫ್ಟ್, ಶಾಫ್ಟಿಗೆ ಫ್ಯಾನ್, ಫ್ಯಾನಿಗೆ ಸಮುದ್ರ. ಈಗ ಮೊದಲು ಹೇಳಿದ ವಾಕ್ಯ ನೆನಪಿಸಿಕೊಳ್ಳಿ. ಬ್ಯಾಟರಿಯ ಮೈನಸ್ ಕಂಬವೇ ಸಮುದ್ರಕ್ಕೆ ಕೈ ಚಾಚಿ ನಿಂತಿದೆ.

ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಕರೆಂಟು ಮೈನಸ್ಸಿಗೆ ಮರಳಲೇಬೇಕು. ಸಂಜೆ ಕೊಟ್ಟಿಗೆಗೆ ಮರಳುವ ದನದ ಹಾಗೆ. ವೈರಿನ ದಾರಿ ಚೆನ್ನಾಗಿದ್ದರೆ ವೈರಿನಲ್ಲೇ ಬರುತ್ತದೆ. ಬೇಲಿ ಮುರಿದಿದ್ದರೆ ಗದ್ದೆಗೆ ನುಗ್ಗುತ್ತದೆ, ಇಲ್ಲಿ ನೀರಿಗೆ.

ದೋಣಿಯ ತಳದ ಗುಂಡಿಯನ್ನು ಬಿಲ್ಜ್ ಎನ್ನುತ್ತಾರೆ. ಅಲ್ಲಿ ಸೇರುವ ನೀರನ್ನು ಹೊರಹಾಕಲು ಒಂದು ಪಂಪು, ನೀರು ಏರಿದರೆ ಪಂಪನ್ನು ಚಾಲೂ ಮಾಡುವ ಫ್ಲೋಟ್ ಸ್ವಿಚ್ಚು ಇರುತ್ತವೆ. ಈ ಸ್ವಿಚ್ಚಿನ ಪ್ಲಸ್ ವೈರಿನ ಜೋಡಣೆಯನ್ನು ಯಾರೋ ತಿರುಚಿ ಟೇಪು ಸುತ್ತಿ ಮುಗಿಸಿದ್ದಾರೆ. ಟೇಪು ಸಡಿಲವಾಗಿದೆ, ಜೋಡಣೆ ಉಪ್ಪುನೀರಿನಲ್ಲಿದೆ. ಕರೆಂಟು ಆ ನೀರಿಗೆ ಇಳಿದು, ಪಕ್ಕದಲ್ಲಿ ನೀರು ತಾಗಿದ ಕಂಚಿನ ತೂಬಿಗೆ ಹತ್ತುತ್ತದೆ. ತೂಬಿನ ಹೊರಮುಖದಿಂದ ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿಂದ ಫ್ಯಾನು, ಶಾಫ್ಟು, ಬ್ಲಾಕು ಹಿಡಿದು ಬ್ಯಾಟರಿ ಸೇರುತ್ತದೆ. ಕರೆಂಟು ಇಳಿದ ಎರಡು ಕಡೆ ನಷ್ಟ: ವೈರಿನ ತುದಿ ಮತ್ತು ತೂಬಿನ ಹೊರಮುಖ. ಒಳಗಿನಿಂದ ನೋಡಿದರೆ ತೂಬು ಚೆನ್ನಾಗಿಯೇ ಕಾಣುತ್ತದೆ.

ಹಾಗಾದರೆ ಫ್ಯೂಸ್ ಹಾರುವುದಿಲ್ಲವೇ? ಇಲ್ಲ. ಹತ್ತು ಆಂಪಿಯರಿನ ಫ್ಯೂಸಿಗೆ ಅರ್ಧ ಆಂಪಿಯರ್ ಸೋರಿಕೆ ಲೆಕ್ಕಕ್ಕೇ ಇಲ್ಲ. ಫ್ಯೂಸ್ ಇರುವುದು ಬೆಂಕಿ ತಡೆಯಲು.

ಇನ್ನೊಂದು ದಾರಿಯೂ ಇದೆ. ಬ್ಯಾಟರಿಯಿಂದ ಬ್ಲಾಕಿಗೆ ಬರುವ ಮೈನಸ್ ಕೇಬಲ್ಲಿನ ತುದಿಗೆ ಕಿಲುಬು ಹಿಡಿದು ಸಂಪರ್ಕ ಕೆಟ್ಟಿದೆ ಎನ್ನಿ. ಇಂಜಿನ್ ಓಡುವಾಗ ಆಲ್ಟರ್ನೇಟರಿನಿಂದ ಹೊರಟ ಕರೆಂಟು ದೀಪ, ಫ್ರಿಜ್ಜು ಎಲ್ಲ ಸುತ್ತಿ ಬ್ಲಾಕಿಗೆ ಮರಳಬೇಕು. ಕೇಬಲ್ಲು ಸರಿಯಿಲ್ಲದಿದ್ದರೆ ಅದರಲ್ಲಿ ಸ್ವಲ್ಪ ಪಾಲು, ಮೈನಸ್ಸಿಗೆ ಕಟ್ಟಿದ ಯಾವುದೋ ತೂಬಿನಿಂದ ಸಮುದ್ರಕ್ಕಿಳಿದು ಫ್ಯಾನಿನ ಮೂಲಕ ಬ್ಲಾಕು ಸೇರುತ್ತದೆ. ಸೋರಿಕೆ ಎಂದರೆ ಪ್ಲಸ್ ವೈರನ್ನೇ ನೋಡುವ ಅಭ್ಯಾಸ ನಮಗೆ. ಕೆಟ್ಟ ಮೈನಸ್ಸೂ ಅಷ್ಟೇ ಹಾಳು ಮಾಡಬಲ್ಲದು.

ಕರೆಂಟಿಗೆ ಒಣ ದಾರಿ

ತಡೆಯುವ ಕೆಲಸವೆಲ್ಲ ಒಂದೇ ಮಾತಿಗೆ ಬರುತ್ತದೆ. ಮರಳುವ ಕರೆಂಟಿಗೆ ಒಣಗಿದ, ಅಗಲವಾದ ದಾರಿ ಕೊಡಬೇಕು.

ದೋಣಿಯಲ್ಲಿ ಬಾಡಿ ಅರ್ಥ್ ಬೇಡವೇ ಬೇಡ. ಪ್ರತಿ ಸಾಧನಕ್ಕೂ ಎರಡು ವೈರು. ಮೈನಸ್ ವೈರುಗಳೆಲ್ಲ ಒಂದು ತಾಮ್ರದ ಪಟ್ಟಿಗೆ ಬಂದು ಸೇರಬೇಕು. ಆ ಪಟ್ಟಿಯಿಂದ ಇಂಜಿನ್ನಿಗೆ ಒಂದೇ ದಪ್ಪ ಕೇಬಲ್, ಒಂದೇ ಜಾಗದಲ್ಲಿ. ಪಂಪು ಹಾಕುವಾಗ ಹತ್ತಿರದಲ್ಲಿ ಸಿಕ್ಕ ಲೋಹಕ್ಕೆ ಮೈನಸ್ ಬಿಗಿದು ಕೈತೊಳೆದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಅಲ್ಲೇ ಎಡವೋದು.

ಸ್ವಿಚ್ಚು ಯಾವಾಗಲೂ ಪ್ಲಸ್ ವೈರಿನಲ್ಲಿರಬೇಕು. ಮೈನಸ್ಸಿನಲ್ಲಿ ಹಾಕಿದರೂ ಪಂಪು ನಿಲ್ಲುತ್ತದೆ, ನಿಜ. ಆದರೆ ಪಂಪಿನ ತನಕ ಪ್ಲಸ್ ಬಂದು ನಿಂತಿರುತ್ತದೆ, ಸೋರಲು ದಿನವಿಡೀ ತಯಾರು.

ಇನ್ನು ವೈರು. ಬರಿ ತಾಮ್ರದ ವೈರು ಉಪ್ಪುಗಾಳಿಗೆ ಕಿಲುಬು ಹಿಡಿಯುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಒಳಗೇ ನೀರು ಎಳೆ ಎಳೆಯಾಗಿ ಹತ್ತುತ್ತಾ ಹೋಗಿ ಅಡಿಗಟ್ಟಲೆ ಕಪ್ಪಾಗುತ್ತದೆ. ಅದಕ್ಕೇ ದೋಣಿಗೆ ಕಲಾಯಿ ಮಾಡಿದ ತಾಮ್ರದ ವೈರು ಬಳಸುತ್ತಾರೆ. ಹಿತ್ತಾಳೆ ಪಾತ್ರೆಗೆ ಹಾಕುವ ಅದೇ ತವರದ ಕಲಾಯಿ, ಇಲ್ಲಿ ಪ್ರತಿ ಎಳೆಗೂ. ಜೋಡಣೆಗಳನ್ನು ಕ್ರಿಂಪ್ ಮಾಡಿ (ಲೋಹದ ತೋಳಿನೊಳಗೆ ಒತ್ತಿ ಬಿಗಿದು), ಒಳಗೆ ಅಂಟು ಇರುವ, ಬಿಸಿಗೆ ಮುದುಡಿಕೊಳ್ಳುವ ಕೊಳವೆ ಹಾಕಿ ಮುಚ್ಚಬೇಕು. ಟೇಪು ಸಾಲದು. ಎಲ್ಲಕ್ಕಿಂತ ಮುಖ್ಯ, ಜೋಡಣೆ ಬಿಲ್ಜಿನ ನೀರಿಗಿಂತ ಮೇಲಿರಲಿ. ನೀರು ಮುಟ್ಟದ ಜೋಡಣೆ ಕೆಟ್ಟದ್ದಾದರೂ ಸಮುದ್ರಕ್ಕೆ ಸೋರುವುದಿಲ್ಲ.

ಇಂಜಿನ್ನಿನ ಮೇಲಿನ ಮೈನಸ್ ಬೋಲ್ಟನ್ನು ವರ್ಷಕ್ಕೊಮ್ಮೆ ಬಿಚ್ಚಿ, ಪೇಂಟು, ತುಕ್ಕು ಕೆರೆದು, ಹೊಳೆಯುವ ಲೋಹಕ್ಕೆ ಮತ್ತೆ ಬಿಗಿಯಬೇಕು. ಹತ್ತು ನಿಮಿಷದ ಕೆಲಸ. ಇಂಜಿನ್ ಕೋಣೆಯಲ್ಲಿ ಕೈ ತೂರುವುದಿಲ್ಲ ಎಂಬ ಕಾರಣಕ್ಕೆ ಯಾರೂ ಮಾಡುವುದಿಲ್ಲ.

ತಳದ ತೂಬುಗಳನ್ನೆಲ್ಲ ದಪ್ಪ ವೈರಿನಿಂದ ಒಂದಕ್ಕೊಂದು ಕಟ್ಟಿ ಮೈನಸ್ಸಿಗೂ ಸತುವಿಗೂ ಸೇರಿಸುವ ಪದ್ಧತಿಯೊಂದಿದೆ, ಬಾಂಡಿಂಗ್ ಎನ್ನುತ್ತಾರೆ. ಬಿಲ್ಜಿನಲ್ಲಿ ಸೋರಿದ ಕರೆಂಟು ತೂಬಿಗೆ ಹತ್ತಿದರೂ ಸಮುದ್ರಕ್ಕೆ ಇಳಿಯದೆ ವೈರಿನಲ್ಲೇ ಮರಳಲಿ ಎಂಬುದು ಲೆಕ್ಕ. ಬೇಡ, ಒಳ್ಳೆಯ ಕಂಚಿನ ತೂಬು ಒಂಟಿಯಾಗಿದ್ದರೇ ಕ್ಷೇಮ ಎನ್ನುವವರೂ ಇದ್ದಾರೆ. ಎರಡಕ್ಕೂ ತರ್ಕವಿದೆ. ಅಪಾಯ ಇರುವುದು ಅರ್ಧಂಬರ್ಧ ಕೆಲಸದಲ್ಲಿ. ಕೆಲವು ಕಟ್ಟಿ ಕೆಲವು ಬಿಟ್ಟಿದ್ದರೆ, ಕಟ್ಟಿದ ವೈರು ಕಿಲುಬಿನಿಂದ ಕಡಿದುಹೋಗಿದ್ದರೆ, ಮೇಲೆ ಹೇಳಿದ ಬಿಲ್ಜಿನ ಕತೆಯೇ ಮತ್ತೆ.

ಕಂದು ಕಾಗದದ ಕೆಲಸ

ಅಲಾರ್ಮ್ ಹಡಗಿನ ಕಾಗದ ನೆನಪಿದೆಯಲ್ಲ? ಅದೇ ಉಪಾಯವನ್ನು ಇಂಜಿನ್ನಿಗೂ ಮಾಡಬಹುದು. ಬ್ಯಾಟರಿಯ ಮೈನಸ್ಸು ಬ್ಲಾಕನ್ನು ಮುಟ್ಟದಂತೆ ಇಡುವುದು.

ಇದಕ್ಕೆ ಎರಡು ಟರ್ಮಿನಲ್ಲಿನ ಆಲ್ಟರ್ನೇಟರು, ಸೆಲ್ಫ್ ಮೋಟರು ಬೇಕು. ಇವುಗಳ ಮೈನಸ್ಸಿಗೂ ಪ್ರತ್ಯೇಕ ವೈರಿದೆ, ಮೈಗೆ ಸಂಬಂಧವಿಲ್ಲ. ಆಯಿಲ್, ಬಿಸಿಯ ಸೆನ್ಸರುಗಳೂ ಎರಡು ವೈರಿನವೇ ಆಗಬೇಕು. ಒಂದೇ ಒಂದು ಹಳೆಯ ಸೆನ್ಸರು ಉಳಿದರೂ ಇಡೀ ಖರ್ಚು ದಂಡ. ಗೇರು, ಆಕ್ಸಿಲರೇಟರಿನ ಕೇಬಲ್ಲಿನ ಲೋಹದ ಹೊದಿಕೆ, ಡೀಸೆಲ್ಲಿನ ತಾಮ್ರದ ಪೈಪು ಇವೂ ಗುಟ್ಟಾಗಿ ಸಂಪರ್ಕ ಕೊಡಬಹುದು. ಪೈಪಿನ ನಡುವೆ ರಬ್ಬರಿನ ತುಂಡು ಹಾಕುವುದು ವಾಡಿಕೆ.

ಇಷ್ಟು ದುಬಾರಿ ಬೇಡ ಎನ್ನುವವರಿಗೆ ಮಧ್ಯದ ದಾರಿ ಉಂಟು. ಸೆಲ್ಫ್ ಹೊಡೆಯುವಾಗ ಮಾತ್ರ ಬ್ಲಾಕಿಗೆ ಮೈನಸ್ ಕೊಟ್ಟು, ಆಮೇಲೆ ಕಡಿದುಬಿಡುವ ದಪ್ಪ ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ಚು. ಆಗಲೂ ಆಲ್ಟರ್ನೇಟರು ಎರಡು ಟರ್ಮಿನಲ್ಲಿನದು, ಸೆನ್ಸರುಗಳು ಎರಡು ವೈರಿನವು ಇರಲೇಬೇಕು. ಸೆಲ್ಫ್ ಓಡುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ಎಳೆದರೂ ಸವೆತ ಲೆಕ್ಕಕ್ಕಿಲ್ಲ. ಕಾಡುವುದು ತಿಂಗಳುಗಟ್ಟಲೆ ಸೋರುವ ಸಣ್ಣ ಕರೆಂಟೇ.

ಫೈಬರ್ ದೋಣಿಗೆ ಇಷ್ಟೆಲ್ಲ ಕಡ್ಡಾಯವೇನಲ್ಲ. ಅಲ್ಯೂಮಿನಿಯಂ, ಉಕ್ಕಿನ ದೋಣಿಗಳ ಮಾತು ಬೇರೆ. ಅಲ್ಲಿ ಕರಗುವುದು ದೋಣಿಯ ಗೋಡೆಯೇ. ಅಲ್ಯೂಮಿನಿಯಂ ದೋಣಿಯ ಬಿಲ್ಜಿನಲ್ಲಿ ವೈರಿಂಗ್ ಮಾಡಿದವರು ಬಿಟ್ಟುಹೋದ ತಾಮ್ರದ ತುಂಡೊಂದು ಬಿದ್ದಿದ್ದರೂ ಸಾಕು, ಅದರ ಕೆಳಗೆ ಗುಳಿ ಬೀಳತೊಡಗುತ್ತದೆ.

ಸತು ಏನು ಮಾಡುತ್ತದೆ, ಏನು ಮಾಡದು

ಸತು ಕೆಲಸ ಮಾಡಬೇಕಾದರೆ ಮೂರು ಸಂಗತಿ ಬೇಕು. ಕಾಯಬೇಕಾದ ಲೋಹದ ಜೊತೆ ನೀರಿನಲ್ಲಿರಬೇಕು, ಅದಕ್ಕೆ ಲೋಹದಿಂದಲೇ ಕಟ್ಟಿರಬೇಕು, ನೀರಿನ ಮೂಲಕ ಅದನ್ನು 'ನೋಡುವಂತೆ' ಹತ್ತಿರವಿರಬೇಕು. ಶಾಫ್ಟಿನ ಮೇಲಿನ ಸತು ಫ್ಯಾನನ್ನು ಕಾಯುತ್ತದೆ. ಆದರೆ ಇಂಜಿನ್ನಿನ ಒಳಗೆ ತಂಪಿಗಾಗಿ ಹರಿಯುವ ಸಮುದ್ರದ ನೀರಿನ ಕೊಳವೆಗಳನ್ನು ಅದು ಕಾಯಲಾರದು. ಉದ್ದನೆಯ ಸಣ್ಣ ಹೋಸಿನೊಳಗೆ ಅದರ ಕೈ ತಲುಪುವುದಿಲ್ಲ. ಅದಕ್ಕೇ ಎಷ್ಟೋ ಇಂಜಿನ್ನುಗಳಲ್ಲಿ ಪೆನ್ಸಿಲ್ಲಿನಂಥ ಸತುವಿನ ಸರಳೊಂದನ್ನು ಒಳಗೇ ತಿರುಗಿಸಿ ಹಾಕಿರುತ್ತಾರೆ. ಅದನ್ನು ಮರೆಯುವವರೇ ಜಾಸ್ತಿ.

ಶಾಫ್ಟು ಮತ್ತು ಇಂಜಿನ್ನಿನ ನಡುವೆ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಕಪ್ಲಿಂಗ್ ಇದ್ದರೆ ಎರಡರ ಸಂಪರ್ಕ ಕಡಿದಿರುತ್ತದೆ. ಆಗ ಶಾಫ್ಟಿಗೆ ಅದರದ್ದೇ ಸತು ಇರಬೇಕು.

ಉಪ್ಪುನೀರಿಗೆ ಸತು, ಸಿಹಿನೀರಿಗೆ ಮೆಗ್ನೀಸಿಯಂ. ಅರೆ ಉಪ್ಪಿನ ಅಳಿವೆಗೆ ಆನೋಡಿಗೆಂದೇ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹ. ಸತುವನ್ನು ಸಿಹಿನೀರಿನಲ್ಲಿ ಇಟ್ಟರೆ ಅದರ ಮೇಲೆ ಬಿಳಿ ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಇದು ನಮ್ಮ ಕರಾವಳಿಗೂ ಹೊಂದುವ ಮಾತು. ಮಂಗಳೂರಿನಂಥ ಅಳಿವೆ ಬಂದರುಗಳಲ್ಲಿ ಬೇಸಿಗೆಯಲ್ಲಿ ಉಪ್ಪುನೀರು, ಮಳೆಗಾಲದಲ್ಲಿ ಹೊಳೆಯ ಕೆಂಪು ನೀರು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ರಜೆಯಲ್ಲಿ ಯಾಂತ್ರಿಕ ಮೀನುಗಾರಿಕೆ ಬೋಟುಗಳು ಇಂಥ ನೀರಿನಲ್ಲಿ ಸಾಲಾಗಿ ನಿಂತಿರುತ್ತವೆ. ಅವುಗಳ ಇಂಜಿನ್ನು, ಬ್ಯಾಟರಿ, ಫ್ಯಾನುಗಳಿಗೂ ಇದೇ ನಿಯಮ.

ಹಾಗೆಂದು ಸತುವನ್ನು ಬೇಕಾಬಿಟ್ಟಿ ಕಟ್ಟುವುದೂ ಸರಿಯಲ್ಲ. ಮರದ ದೋಣಿಯಲ್ಲಿ ರಕ್ಷಣೆ ಅತಿಯಾದರೆ ಕಾದಿಟ್ಟ ಲೋಹದ ಸುತ್ತ ಕ್ಷಾರ ಹುಟ್ಟಿ ಮರ ನಾರುನಾರಾಗುತ್ತದೆ. ಅಲ್ಯೂಮಿನಿಯಂ ಮೇಲೆ ಪೇಂಟು ಗುಳ್ಳೆ ಏಳುತ್ತದೆ.

ದಡದ ಪ್ಲಗ್ಗು

ವಿಹಾರದ ದೋಣಿಗಳು ನಿಲ್ಲುವ ಬಂದರುಗಳಲ್ಲಿ, ಅಂದರೆ ಮರೀನಾಗಳಲ್ಲಿ, ದೋಣಿ ಕಟ್ಟಿ ದಡದ ಕರೆಂಟಿಗೆ ಪ್ಲಗ್ ಹಾಕುತ್ತಾರೆ. ನಮ್ಮಲ್ಲಿ ಇಂಥ ಜಾಗ ಕಡಿಮೆ, ಕೊಚ್ಚಿಯಲ್ಲೊಂದಿದೆ. ಯುರೋಪು, ಅಮೆರಿಕಗಳಲ್ಲಿ ಇದು ಮಾಮೂಲು. ಪ್ಲಗ್ಗಿನ ಹಸಿರು ಅರ್ಥಿಂಗ್ ವೈರು ದೋಣಿಯ ಮೈನಸ್ಸಿಗೂ ಸೇರಿರುತ್ತದೆ. ಪಕ್ಕದ ದೋಣಿಯದೂ ಹಾಗೇ. ಅಲ್ಲಿಗೆ ಎರಡೂ ದೋಣಿಯ ಲೋಹಗಳು ಒಂದಕ್ಕೊಂದು ಕಟ್ಟಿದಂತಾಯಿತು. ಪಕ್ಕದವರು ಸತು ಹಾಕಿಲ್ಲದಿದ್ದರೆ ನಿಮ್ಮ ಸತು ಅವರ ಫ್ಯಾನನ್ನು ಕಾಯುತ್ತದೆ, ಪುಕ್ಕಟೆಯಾಗಿ.

ಹಸಿರು ವೈರು ಕತ್ತರಿಸಿದರೆ ಮುಗಿಯಿತಲ್ಲ ಎನಿಸಬಹುದು. ಖಂಡಿತ ಬೇಡ. ಅದು ಇರುವುದು ಜೀವ ಉಳಿಸಲು. ಬದಲಿಗೆ ಗ್ಯಾಲ್ವಾನಿಕ್ ಐಸೊಲೇಟರ್ ಎಂಬ ಡಬ್ಬಿ ಸಿಗುತ್ತದೆ. ಅದರೊಳಗಿನ ಡಯೋಡುಗಳು ಸುಮಾರು 1.2 ವೋಲ್ಟಿನ ತನಕ ಏನನ್ನೂ ಬಿಡುವುದಿಲ್ಲ. ಲೋಹ ತಿನ್ನುವ ಸಣ್ಣ ಕರೆಂಟು ಅಲ್ಲೇ ನಿಲ್ಲುತ್ತದೆ. ಶಾರ್ಟ್ ಆಗಿ ದೊಡ್ಡ ಕರೆಂಟು ಬಂದರೆ ದಾರಿ ತೆರೆಯುತ್ತದೆ. ಇದಕ್ಕಿಂತ ಗಟ್ಟಿ ಪರಿಹಾರ, ದಡದ ವೈರಿಗೂ ದೋಣಿಗೂ ಲೋಹದ ಸಂಪರ್ಕವೇ ಇಲ್ಲದಂತೆ ಕರೆಂಟು ದಾಟಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಭಾರ ಮತ್ತು ಬೆಲೆ ಎರಡೂ ಜಾಸ್ತಿ.

ಸೋರಿಕೆ ಹುಡುಕೋದು

ಒಂದು ಸಾದಾ ಮಲ್ಟಿಮೀಟರ್ ಸಾಕು. ಇಂಜಿನ್ ನಿಲ್ಲಿಸಿ, ದಡದ ಪ್ಲಗ್ ಕಿತ್ತು, ಸೋಲಾರ್ ಇದ್ದರೆ ಕಡಿದು, ದೋಣಿಯ ಎಲ್ಲ ಸ್ವಿಚ್ಚು ಆರಿಸಿ. ಮೇನ್ ಸ್ವಿಚ್ಚು ಮಾತ್ರ ಹಾಕಿರಲಿ, ಇಲ್ಲದಿದ್ದರೆ ಅದರಾಚೆಯ ಸೋರಿಕೆ ಕಾಣದು. ಬ್ಯಾಟರಿಯ ಪ್ಲಸ್ ಕೇಬಲ್ ಬಿಚ್ಚಿ. ಮೀಟರನ್ನು 10 ಆಂಪಿಯರ್ ಡಿಸಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿ ಕಂಬಕ್ಕೆ, ಇನ್ನೊಂದು ಬಿಚ್ಚಿದ ಕೇಬಲ್ಲಿಗೆ ಹಿಡಿಯಿರಿ. ಈಗ ಏನೂ ಓಡುತ್ತಿಲ್ಲ, ಸೊನ್ನೆ ಬರಬೇಕು. ಈ ಹೊತ್ತಿನಲ್ಲಿ ಯಾರೂ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹೋಗುತ್ತದೆ.

ಕೆಲವು ಮಿಲಿ ಆಂಪಿಯರ್ ಬಂದರೆ ಗಾಬರಿ ಬೇಡ. ಸ್ಟೀರಿಯೊದ ಗಡಿಯಾರ, ಗ್ಯಾಸ್ ಅಲಾರಂ ಅಷ್ಟು ಎಳೆಯುತ್ತವೆ. ಅವನ್ನು ಒಂದೊಂದಾಗಿ ಕಡಿದು ನೋಡಿ. ಆಮೇಲೂ ಅಂಕಿ ಉಳಿದರೆ ಕರೆಂಟು ಎಲ್ಲೋ ಹೋಗುತ್ತಿದೆ. ಮೊದಲ ಅನುಮಾನ ಬಿಲ್ಜ್ ಪಂಪಿನ ಮೇಲಿರಲಿ. ಅದರ ಫ್ಲೋಟ್ ಸ್ವಿಚ್ಚು ಬ್ಯಾಟರಿಗೆ ನೇರ ಕಟ್ಟಿರುವುದೇ ಹೆಚ್ಚು, ಮೇನ್ ಸ್ವಿಚ್ಚು ಆರಿಸಿದರೂ ಅದು ಆರುವುದಿಲ್ಲ.

ಕೈಯಲ್ಲಿ ಕಾಸಿದ್ದರೆ ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ಅಳತೆ ಕಡ್ಡಿ ಕೊಳ್ಳಬಹುದು. ಅದನ್ನು ಸಮುದ್ರಕ್ಕೆ ಇಳಿಬಿಟ್ಟು ಮೀಟರಿಗೆ ಸೇರಿಸಿ, ಇನ್ನೊಂದು ಕಡ್ಡಿಯನ್ನು ಅನುಮಾನವಿರುವ ಲೋಹಕ್ಕೆ ಹಿಡಿಯಬೇಕು. ಸತು ಕಟ್ಟದ ಕಂಚು ಸುಮಾರು ಮೈನಸ್ 0.3 ವೋಲ್ಟ್ ತೋರಿಸುತ್ತದೆ. ಸತು ಕಟ್ಟಿದ ಮೇಲೆ ಅದು ಇನ್ನೂ 0.2 ವೋಲ್ಟಿನಷ್ಟಾದರೂ ಮೈನಸ್ಸಿನತ್ತ ಇಳಿಯಬೇಕು. ಈಗ ಪಂಪು, ದೀಪ, ಫ್ರಿಜ್ಜು ಒಂದೊಂದೇ ಹಾಕುತ್ತಾ ನೋಡಿ. ಯಾವ ಸ್ವಿಚ್ಚಿಗೆ ಅಂಕಿ ಅಲುಗಾಡುತ್ತದೋ ಆ ವೈರಿನಲ್ಲಿ ಸೋರಿಕೆ.

ಮೀಟರಿಲ್ಲದೆಯೂ ಗೊತ್ತಾಗುವ ಗುರುತುಗಳಿವೆ. ತೂಬಿನ ತುದಿಯನ್ನು ಚಾಕುವಿನಿಂದ ಕೆರೆದಾಗ ಹಳದಿ ಬದಲು ಗುಲಾಬಿ ಬಣ್ಣ ಕಂಡರೆ ಅದರ ಮಿಶ್ರಲೋಹದಲ್ಲಿದ್ದ ಸತು ಕರಗಿ ತಾಮ್ರದ ಸ್ಪಂಜು ಉಳಿದಿದೆ ಎಂದರ್ಥ. ಹಿತ್ತಾಳೆಯಲ್ಲಿ ಇದು ಬೇಗ ಆಗುತ್ತದೆ, ಹಾಗಾಗಿ ತಳಕ್ಕೆ ಹಿತ್ತಾಳೆ ಬೇಡ. ಗುಲಾಬಿಯಾದ ತೂಬು ಕೈಯಿಂದ ತಿರುಗಿಸಿದರೂ ಮುರಿಯಬಹುದು. ಅದನ್ನು ನೀರಿನಲ್ಲಿರುವಾಗ ಮುಟ್ಟಬೇಡಿ, ದೋಣಿ ಎತ್ತಿದ ಮೇಲೆ ನೋಡಿ.

ಸತುವನ್ನು ಓದೋದು

ದೋಣಿ ಎತ್ತಿದಾಗ ಮೊದಲು ನೋಡಬೇಕಾದ್ದು ಸತುವಿನ ಗಟ್ಟಿ. ಒಂದು ವರ್ಷದಲ್ಲಿ ಅರ್ಧದಷ್ಟು ಸವೆದಿದ್ದರೆ ಎಲ್ಲ ಸರಿಯಿದೆ, ಬದಲಿಸಿ. ಪ್ರತಿ ವರ್ಷ ಒಂದೇ ಹದಕ್ಕೆ ಸವೆಯುತ್ತಿದ್ದದ್ದು ಈ ಸಲ ಎರಡೇ ತಿಂಗಳಿಗೆ ಖಾಲಿಯಾಗಿದ್ದರೆ, ದೊಡ್ಡ ಗಟ್ಟಿ ತಂದು ಕಟ್ಟುವ ಮೊದಲು ಏನು ಬದಲಾಯಿತು ಎಂದು ಕೇಳಿಕೊಳ್ಳಿ. ಹೊಸ ಪಂಪು ಹಾಕಿಸಿದಿರಾ? ಬೇರೆ ಮರೀನಾಕ್ಕೆ ಬಂದಿರಾ? ಪಕ್ಕದಲ್ಲಿ ಹೊಸ ದೋಣಿ ನಿಂತಿದೆಯೇ?

ಸತು ಒಂಚೂರೂ ಸವೆಯದೆ ಅಂಗಡಿಯಿಂದ ತಂದ ಹಾಗೇ ಇದ್ದರೆ ಹಣ ಉಳಿಯಿತು ಎಂದು ಖುಷಿಪಡುವವರಿದ್ದಾರೆ. ಸವೆಯದ ಸತು ಕೆಲಸವನ್ನೇ ಮಾಡಿಲ್ಲ. ಯಾರೋ ಅದರ ಮೇಲೂ ಪೇಂಟು ಬಳಿದಿರಬಹುದು. ಅಥವಾ ಶಾಫ್ಟಿನ ಕೊಳೆಯ ಮೇಲೇ ಬಿಗಿದು ಲೋಹಕ್ಕೆ ಲೋಹ ತಾಗಿರಲಿಕ್ಕಿಲ್ಲ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿ ಸತುವಿಗೆ, ಇನ್ನೊಂದು ಶಾಫ್ಟಿಗೆ ಒತ್ತಿ. ಸೊನ್ನೆಯ ಹತ್ತಿರ ಬರಬೇಕು. ಬಾರದಿದ್ದರೆ ಬಿಚ್ಚಿ, ಶಾಫ್ಟನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿಯಿರಿ. ಆಮೇಲೆ ಇನ್ನೊಮ್ಮೆ ಅಳೆದು ನೋಡಿ.